ಕಾರ್ಡು ಕೈಯಲ್ಲಿದೆ, ನೋಡುವವರು ಎಲ್ಲಿ?

ಅಮೆರಿಕದಲ್ಲಿ ಸರ್ಕಾರಿ ಆರೋಗ್ಯ ವಿಮೆಯ ಕಾರ್ಡು ಅಂಚೆಯಲ್ಲಿ ಮನೆಗೆ ಬಂದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತದೆ. ಆ ಕಾರ್ಡನ್ನು ಒಪ್ಪುವವರು ಹತ್ತಿರದಲ್ಲಿ ಸಿಗಬೇಕು. ಅವರಲ್ಲಿ ಹೊಸ ರೋಗಿಗಳಿಗೆ ಜಾಗವಿರಬೇಕು. ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದಕ್ಕೆ ಹೋಗಬಾರದು. ಡಾಕ್ಟರ ಬಳಿ ಸದ್ಯಕ್ಕೆ ಜಾಗವಿಲ್ಲ ಎಂದಾಗ ರಿಸೆಪ್ಷನ್‌ನಲ್ಲಿ ಕೂತವರು “ನಮ್ಮ ಪಿ.ಎ. ನೋಡುತ್ತಾರೆ, ಆಗಬಹುದೇ?” ಎಂದು ಕೇಳುವುದು ಈಗ ಅಲ್ಲಿ ದಿನನಿತ್ಯದ ಮಾತು. ಪಿ.ಎ. ಎಂದರೆ ಫಿಸಿಷಿಯನ್ ಅಸಿಸ್ಟೆಂಟ್. ಇವರು ಯಾರು, ನಂಬಬಹುದೇ, ಮೆಡಿಕೇರ್ ಅಥವಾ ಮೆಡಿಕೇಡ್ ಕಾರ್ಡು ಇವರ ಬಳಿ ನಡೆಯುತ್ತದೆಯೇ, ನಮ್ಮೂರಿನಲ್ಲಿ ಇವರನ್ನು ಹುಡುಕುವುದು ಹೇಗೆ? ಮಕ್ಕಳ ಜೊತೆ ನೆಲೆಸಲು ಕರ್ನಾಟಕದಿಂದ ಹೋದ ತಂದೆತಾಯಿಯರ ಮನೆಗಳಲ್ಲೂ ಈ ಪ್ರಶ್ನೆಗಳಿವೆ.

ಈ ಹುಡುಕಾಟದಲ್ಲಿ ಬಹುಪಾಲು ಜನ ಎಡವುವ ಜಾಗ ಒಂದೇ. ಅವರು ವ್ಯಕ್ತಿಯನ್ನು ಹುಡುಕುತ್ತಾರೆ. ಆದರೆ ಕಾರ್ಡು ಒಪ್ಪುವ ತೀರ್ಮಾನ ಸಾಮಾನ್ಯವಾಗಿ ಪಿ.ಎ. ಅವರ ಕೈಯಲ್ಲಿರುವುದಿಲ್ಲ, ಅವರು ಸಂಬಳಕ್ಕಿರುವ ಕ್ಲಿನಿಕ್ಕಿನ ಕೈಯಲ್ಲಿರುತ್ತದೆ. ಕರ್ನಾಟಕದಲ್ಲಿ ಆಯುಷ್ಮಾನ್ ಕಾರ್ಡು ಹಿಡಿದವರಿಗೆ ಇದು ಹೊಸದೇನಲ್ಲ. ಯೋಜನೆಯ ಪಟ್ಟಿಯಲ್ಲಿ ಆಸ್ಪತ್ರೆ ಇದೆಯೇ ಎಂದು ಅವರು ಮೊದಲು ನೋಡುತ್ತಾರೆ, ಒಳಗೆ ಯಾವ ಡಾಕ್ಟರು ಎಂಬುದು ಆಮೇಲಿನ ಮಾತು. ಅಮೆರಿಕದಲ್ಲೂ ಹುಡುಕಾಟ ಆ ಕ್ರಮದಲ್ಲಿ ನಡೆದರೆ ದಾರಿ ಅರ್ಧ ಸವೆದಂತೆ.

1965ರಲ್ಲಿ ಶುರುವಾದ ಮೂರು ಕೆಲಸಗಳು

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮಿಸೌರಿ ರಾಜ್ಯದ ಇಂಡಿಪೆಂಡೆನ್ಸ್ ಊರಿನಲ್ಲಿ, ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಾಯ್ದೆಗೆ ಸಹಿ ಹಾಕಿದರು. ಹಿರಿಯರ ವಿಮೆಯಾದ ಮೆಡಿಕೇರ್ ಮತ್ತು ಬಡವರ ವಿಮೆಯಾದ ಮೆಡಿಕೇಡ್ ಎರಡೂ ಅದರಿಂದ ಹುಟ್ಟಿದವು. ಅದೇ ವರ್ಷ ನಾರ್ತ್ ಕ್ಯಾರೊಲೈನಾದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ಯೂಜೀನ್ ಸ್ಟೆಡ್ ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಮಾಡಿ ಬಂದ ನಾಲ್ವರನ್ನು ಸೇರಿಸಿಕೊಂಡು ಹೊಸ ತರಬೇತಿ ಆರಂಭಿಸಿದರು. 1967ರಲ್ಲಿ ಅವರಲ್ಲಿ ಮೂವರು ತೇರ್ಗಡೆಯಾಗಿ ದೇಶದ ಮೊದಲ ಪಿ.ಎ.ಗಳಾದರು. 1965ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಕೊಲಂಬಿಯಾ ಪಾಯಿಂಟ್ ಎಂಬ ಬಡವರ ವಸತಿಯಲ್ಲಿ ಡಾ. ಜ್ಯಾಕ್ ಗೈಗರ್ ಮತ್ತು ಡಾ. ಕೌಂಟ್ ಗಿಬ್ಸನ್ ಸಮುದಾಯ ಆರೋಗ್ಯ ಕೇಂದ್ರವೊಂದನ್ನು ತೆರೆದರು.

ವಿಮೆ, ಪಿ.ಎ., ಸಮುದಾಯ ಕೇಂದ್ರ ಒಂದೇ ವರ್ಷ ಹುಟ್ಟಿದರೂ ಒಂದಕ್ಕೊಂದು ಹೊಂದಿಕೊಳ್ಳಲು ದಶಕಗಳು ಬೇಕಾದವು. 1977ರ ಗ್ರಾಮೀಣ ಕ್ಲಿನಿಕ್ ಕಾಯ್ದೆ ಹಳ್ಳಿಗಾಡಿನ ಕ್ಲಿನಿಕ್ಕುಗಳಲ್ಲಿ ಪಿ.ಎ. ಮಾಡಿದ ಕೆಲಸಕ್ಕೆ ಮೆಡಿಕೇರ್ ಹಣ ಕೊಡುವ ಬಾಗಿಲು ತೆರೆಯಿತು. 1986ರಲ್ಲಿ ಆಸ್ಪತ್ರೆ ಮತ್ತು ವೃದ್ಧರ ಆರೈಕೆಯ ನರ್ಸಿಂಗ್ ಹೋಮ್‌ಗಳ ಕೆಲಸಕ್ಕೂ ಅದು ವಿಸ್ತರಿಸಿತು. ಎಲ್ಲ ಕಡೆಯೂ ಹಣ ಸಿಗುವಂತಾದದ್ದು 1997ರ ಕಾಯ್ದೆಯಿಂದ, ಅದೂ ಡಾಕ್ಟರ ದರದ ಶೇ. 85ರಷ್ಟು. ಪಿ.ಎ. ತಮ್ಮ ಹೆಸರಿನಲ್ಲೇ ಮೆಡಿಕೇರ್‌ನಿಂದ ನೇರವಾಗಿ ಹಣ ಪಡೆಯುವ ಅವಕಾಶ ಬಂದದ್ದು 2022ರ ಜನವರಿ 1ರಿಂದ. ಅಲ್ಲಿಯವರೆಗೆ ಆ ಹಣ ಅವರನ್ನು ಕೆಲಸಕ್ಕಿಟ್ಟುಕೊಂಡವರಿಗೆ ಹೋಗುತ್ತಿತ್ತು.

ಪಿ.ಎ. ಎಂದರೆ ಯಾರು?

ಭಾರತದಲ್ಲಿ ಪಿ.ಎ. ತರಬೇತಿ 1992ರಲ್ಲಿ ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ ಆರಂಭವಾಯಿತು. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲೂ ಈ ವೃತ್ತಿಗೆ ಸ್ಥಾನವಿದೆ. ಆದರೆ ನಮ್ಮ ಹೃದ್ರೋಗ ಆಸ್ಪತ್ರೆಗಳಲ್ಲಿ ಸರ್ಜನ್ನರ ಜೊತೆ ಓಡಾಡುವ ಪಿ.ಎ.ಗಳನ್ನು ಕಂಡವರು ಅಮೆರಿಕದ ಪಿ.ಎ.ಯನ್ನೂ ಅದೇ ಅಳತೆಯಲ್ಲಿ ನೋಡಬಾರದು. ಅಲ್ಲಿ ಇವರು ಡಿಗ್ರಿ ಮುಗಿಸಿ, ಸಾಮಾನ್ಯವಾಗಿ 27 ತಿಂಗಳ ಮಾಸ್ಟರ್ಸ್ ಓದಿ, ಅದರಲ್ಲಿ ಸುಮಾರು 2000 ಗಂಟೆ ವಾರ್ಡು, ಕ್ಲಿನಿಕ್ಕುಗಳಲ್ಲಿ ಕಳೆದು, ರಾಷ್ಟ್ರಮಟ್ಟದ ಪರೀಕ್ಷೆ ಪಾಸು ಮಾಡಿ, ರಾಜ್ಯದ ಲೈಸೆನ್ಸ್ ಪಡೆದವರು. ಕಾಯಿಲೆ ಪತ್ತೆ ಮಾಡುತ್ತಾರೆ, ಲ್ಯಾಬಿಗೆ ಬರೆದುಕೊಡುತ್ತಾರೆ, ಎಲ್ಲ 50 ರಾಜ್ಯಗಳಲ್ಲೂ ಔಷಧ ಚೀಟಿ ಬರೆಯುತ್ತಾರೆ. ಡಾಕ್ಟರ ಮೇಲ್ವಿಚಾರಣೆ ಎಷ್ಟು ಬಿಗಿಯಾಗಿರಬೇಕು ಎಂಬುದನ್ನು ಆಯಾ ರಾಜ್ಯದ ಕಾನೂನು ಹೇಳುತ್ತದೆ. 2021ರಲ್ಲಿ ಅವರ ರಾಷ್ಟ್ರೀಯ ಸಂಘ ‘ಫಿಸಿಷಿಯನ್ ಅಸೋಸಿಯೇಟ್’ ಎಂಬ ಹೆಸರನ್ನು ಆರಿಸಿಕೊಂಡಿತು, 2024ರಲ್ಲಿ ಆರೆಗಾನ್ ರಾಜ್ಯ ಅದನ್ನು ಕಾನೂನಿಗೂ ತಂದಿತು. ಬಾಗಿಲ ಮೇಲೆ ಎರಡರಲ್ಲಿ ಯಾವ ಹೆಸರು ಕಂಡರೂ ವೃತ್ತಿ ಒಂದೇ.

ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರಿಗೆ ಒಂದು ಅಧ್ಯಯನ ವಿಶೇಷವಾಗಿ ಉಪಯುಕ್ತ. ಅಮೆರಿಕದ ಮಾಜಿ ಸೈನಿಕರ ಆರೋಗ್ಯ ವ್ಯವಸ್ಥೆಯಲ್ಲಿದ್ದ 3.6 ಲಕ್ಷಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರನ್ನು ಕುರಿತು 2018ರಲ್ಲಿ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಅದು ಬಂತು. ಡಾಕ್ಟರು, ನರ್ಸ್ ಪ್ರಾಕ್ಟಿಷನರ್ (ಉನ್ನತ ತರಬೇತಿ ಪಡೆದ ನರ್ಸ್), ಪಿ.ಎ. ಈ ಮೂವರಲ್ಲಿ ಯಾರು ನೋಡಿಕೊಂಡರೂ ಶುಗರ್, ಬಿ.ಪಿ., ಕೊಲೆಸ್ಟರಾಲ್ ಹಿಡಿತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಕಡೆ, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಪಿ.ಎ.ಗಳ ಅಧಿಕಾರ ಹಿಗ್ಗಿಸುವ ಮಸೂದೆಗಳನ್ನು ವಿರೋಧಿಸುತ್ತಲೇ ಬಂದಿದೆ. ಡಾಕ್ಟರ ಓದು ಮತ್ತು ರೆಸಿಡೆನ್ಸಿಯ ವರ್ಷಗಳಿಗೆ ಸಾಟಿಯಿಲ್ಲ ಎಂಬುದು ಅದರ ವಾದ. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ ಸಿಗುವ ವ್ಯಾವಹಾರಿಕ ಉತ್ತರ ಇಷ್ಟು: ಹಿಡಿತದಲ್ಲಿರುವ ಶುಗರ್, ಬಿ.ಪಿ., ಥೈರಾಯ್ಡ್, ಜ್ವರ, ಮಂಡಿನೋವಿನ ಮೊದಲ ಹಂತ, ವರ್ಷದ ತಪಾಸಣೆ, ಇವಕ್ಕೆಲ್ಲ ಪಿ.ಎ. ಬಳಿ ಹೋಗಲು ಅಂಜಬೇಕಿಲ್ಲ. ಹಲವು ಕಾಯಿಲೆಗಳು ಕೂಡಿ ಗೋಜಲಾದಾಗ, ರೋಗವೇ ಗೊತ್ತಾಗದೆ ಇದ್ದಾಗ, ಡಾಕ್ಟರೂ ಒಮ್ಮೆ ನೋಡಲಿ ಎಂದು ಕೇಳುವ ಹಕ್ಕು ರೋಗಿಗಿದೆ.

ಇನ್ನೂ ಒಂದು ಮಾತು. ಅಮೆರಿಕದಲ್ಲಿ ಪಿ.ಎ.ಗಳು ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚಿದ್ದಾರೆ. ಆದರೆ ಪ್ರಾಥಮಿಕ ಚಿಕಿತ್ಸೆಯಲ್ಲಿರುವವರು ಅವರಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಉಳಿದವರು ಶಸ್ತ್ರಚಿಕಿತ್ಸೆ, ಮೂಳೆ, ಚರ್ಮ, ತುರ್ತು ಚಿಕಿತ್ಸೆಗಳಲ್ಲಿ ಹಂಚಿಹೋಗಿದ್ದಾರೆ. ಊರಿನಲ್ಲಿ ಇಪ್ಪತ್ತು ಪಿ.ಎ.ಗಳಿದ್ದಾರೆ ಎಂದಾಗ ಮನೆವೈದ್ಯರಂತೆ ನೋಡಿಕೊಳ್ಳುವವರು ಐದಾರು ಮಂದಿ ಇರಬಹುದು, ಅಷ್ಟೇ.

ವಿಮೆ ಎರಡು, ಲೆಕ್ಕ ಬೇರೆ ಬೇರೆ

ಮೆಡಿಕೇರ್ ಕೇಂದ್ರ ಸರ್ಕಾರದ್ದು, ದೇಶಕ್ಕೆಲ್ಲ ಒಂದೇ ನಿಯಮ. ಪಿ.ಎ. ಬಳಿ ಹೋಗುವ ಮೆಡಿಕೇರ್ ರೋಗಿಗೆ ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಅನುಕೂಲವಿದೆ. ಮೆಡಿಕೇರ್ ಒಪ್ಪಂದಕ್ಕೆ ಪೂರ್ತಿ ಸೇರದ ಡಾಕ್ಟರು ನಿಗದಿತ ದರದ ಮೇಲೆ ಶೇ. 15ರವರೆಗೆ ಹೆಚ್ಚುವರಿ ಕೇಳಬಹುದು. ಪಿ.ಎ.ಗೆ ಆ ಸ್ವಾತಂತ್ರ್ಯವಿಲ್ಲ. ಅವರ ಸೇವೆಗೆ ಮೆಡಿಕೇರ್ ಕಟ್ಟಿದ ದರವೇ ಕೊನೆ. ವರ್ಷದ ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮುನ್ನ ರೋಗಿಯೇ ಭರಿಸಬೇಕಾದ ಮೊತ್ತ) ತೀರಿದ ಮೇಲೆ ಆ ದರದ ಶೇ. 20ನ್ನು ರೋಗಿ ಕೊಡಬೇಕು. ಪಿ.ಎ. ದರವೇ ಕಡಿಮೆಯಾದ್ದರಿಂದ ಆ ಪಾಲೂ ಕೊಂಚ ಇಳಿಯುತ್ತದೆ.

ತೊಡಕು ಬರುವುದು ಮೆಡಿಕೇರ್ ಅಡ್ವಾಂಟೇಜ್‌ನಲ್ಲಿ. ಸರ್ಕಾರದ ಹಣದಿಂದ ಖಾಸಗಿ ಕಂಪನಿಗಳು ನಡೆಸುವ ಈ ಯೋಜನೆಗಳಲ್ಲಿ ಈಗ ಅರ್ಧಕ್ಕೂ ಹೆಚ್ಚು ಮೆಡಿಕೇರ್ ಫಲಾನುಭವಿಗಳಿದ್ದಾರೆ. ಪ್ರತಿ ಯೋಜನೆಗೂ ಒಪ್ಪಂದ ಮಾಡಿಕೊಂಡ ಡಾಕ್ಟರು, ಆಸ್ಪತ್ರೆಗಳ ತನ್ನದೇ ನೆಟ್‌ವರ್ಕ್ ಇರುತ್ತದೆ. “ನೀವು ಮೆಡಿಕೇರ್ ತಗೋತೀರಾ?” ಎಂದು ಕೇಳಿ “ಹೌದು” ಎಂಬ ಉತ್ತರ ಪಡೆದವರಿಗೆ ಆಮೇಲೆ ದೊಡ್ಡ ಬಿಲ್ಲು ಬಂದರೆ ಕಾರಣ ಹೆಚ್ಚಾಗಿ ಇದೇ ಆಗಿರುತ್ತದೆ.

ಮೆಡಿಕೇಡ್ ಕೇಂದ್ರ ಮತ್ತು ರಾಜ್ಯ ಕೂಡಿ ನಡೆಸುವ ವಿಮೆ. ಹೆಸರೂ ರಾಜ್ಯಕ್ಕೊಂದು: ಕ್ಯಾಲಿಫೋರ್ನಿಯಾದಲ್ಲಿ ಮೆಡಿ-ಕ್ಯಾಲ್, ಮ್ಯಾಸಚೂಸೆಟ್ಸ್‌ನಲ್ಲಿ ಮಾಸ್‌ಹೆಲ್ತ್, ಟೆನೆಸಿಯಲ್ಲಿ ಟೆನ್‌ಕೇರ್, ವಾಷಿಂಗ್ಟನ್ ರಾಜ್ಯದಲ್ಲಿ ಆ್ಯಪಲ್ ಹೆಲ್ತ್. ಯಾರಿಗೆ ಸಿಗುತ್ತದೆ ಎಂಬುದೂ ರಾಜ್ಯಕ್ಕೆ ತಕ್ಕಂತೆ ಬದಲಾಗುತ್ತದೆ. 2010ರ ಆರೋಗ್ಯ ಕಾಯ್ದೆ ಬಡತನದ ರೇಖೆಯ ಶೇ. 138ರವರೆಗಿನ ಆದಾಯದ ವಯಸ್ಕರಿಗೆಲ್ಲ ಕೊಡಬೇಕೆಂದಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾ ಸೇರಿ ಹತ್ತು ರಾಜ್ಯಗಳು ಇನ್ನೂ ಅದನ್ನು ಪೂರ್ತಿಯಾಗಿ ಒಪ್ಪಿಲ್ಲ. ಕಾರ್ಡು ಪಡೆದವರಲ್ಲೂ ಬಹುಪಾಲು ಜನ ಸೇರಿರುವುದು ಖಾಸಗಿ ಕಂಪನಿಗಳ ಮ್ಯಾನೇಜ್ಡ್ ಕೇರ್ ಯೋಜನೆಗಳಿಗೆ. ಅಲ್ಲಿಗೆ ನೆಟ್‌ವರ್ಕ್ ಪ್ರಶ್ನೆ ಇಲ್ಲೂ ತಪ್ಪಲಿಲ್ಲ.

ಮೆಡಿಕೇಡ್ ಕೊಡುವ ದರ ಕಡಿಮೆ. 2019ರ ಒಂದು ಲೆಕ್ಕದಂತೆ ಅದು ದೇಶದ ಸರಾಸರಿಯಲ್ಲಿ ಮೆಡಿಕೇರ್ ದರದ ಶೇ. 72ರಷ್ಟು. ಪರಿಣಾಮ ಬಾಗಿಲಲ್ಲೇ ಕಾಣುತ್ತದೆ. 2017ರ ಸಮೀಕ್ಷೆಯಲ್ಲಿ ಖಾಸಗಿ ವಿಮೆಯ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಡಾಕ್ಟರು ಶೇ. 96ರಷ್ಟಿದ್ದರೆ, ಮೆಡಿಕೇರ್‌ಗೆ ಅದು ಶೇ. 88, ಮೆಡಿಕೇಡ್‌ಗೆ ಶೇ. 74. ಪಿ.ಎ. ಸೇವೆಗೆ ಕೆಲವು ರಾಜ್ಯಗಳ ಮೆಡಿಕೇಡ್ ಡಾಕ್ಟರಷ್ಟೇ ಕೊಡುತ್ತದೆ, ಕೆಲವು ಇನ್ನೂ ಕಡಿತ ಮಾಡುತ್ತವೆ. ಮೊದಲೇ ಕಡಿಮೆಯಾದ ದರದಲ್ಲಿ ಮತ್ತೆ ಕಡಿತವಾದರೆ ಖಾಸಗಿ ಕ್ಲಿನಿಕ್ಕು ಮೆಡಿಕೇಡ್ ರೋಗಿಗಳ ಸಂಖ್ಯೆಗೆ ಮಿತಿ ಹಾಕಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ.

ಪಟ್ಟಿಯಲ್ಲಿ ಕಾಣದ ಹೆಸರು

ವಿಮಾ ಕಂಪನಿಯ ವೆಬ್‌ಸೈಟ್ ತೆರೆದು, ಪಿನ್‌ಕೋಡ್ ಹಾಕಿ, ಪಿ.ಎ. ಎಂದು ಹುಡುಕಿದರೆ ಸಾಕಲ್ಲವೇ? ಸಾಲದು. ಡಾಕ್ಟರ ಮೇಲ್ವಿಚಾರಣೆಯಲ್ಲಿ, ಅವರು ಮೊದಲೇ ಹಾಕಿಕೊಟ್ಟ ಚಿಕಿತ್ಸೆಯ ಮುಂದುವರಿಕೆಯಾಗಿ ಪಿ.ಎ. ನೋಡಿದ್ದರೆ ಬಿಲ್ಲನ್ನು ಡಾಕ್ಟರ ಹೆಸರಲ್ಲೇ ಕಳುಹಿಸಲು ಮೆಡಿಕೇರ್ ಬಿಡುತ್ತದೆ. ಹಾಗೆ ಮಾಡಿದರೆ ಕ್ಲಿನಿಕ್ಕಿಗೆ ಶೇ. 85ರ ಬದಲು ಪೂರ್ತಿ ದರ ಸಿಗುತ್ತದೆ. ಕೆಲಸ ಮಾಡಿದವರು ಪಿ.ಎ., ದಾಖಲೆಯಲ್ಲಿ ಡಾಕ್ಟರು. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಎಷ್ಟೋ ಪಿ.ಎ.ಗಳು ಕಾಣುವುದೇ ಇಲ್ಲ. ಕೆಲವು ಯೋಜನೆಗಳ ಪಟ್ಟಿಯಲ್ಲೂ ಅವರ ಹೆಸರು ಪ್ರತ್ಯೇಕವಾಗಿ ಇರುವುದಿಲ್ಲ.

ಇರುವ ಹೆಸರುಗಳ ಸ್ಥಿತಿಯೂ ಅಷ್ಟಕ್ಕಷ್ಟೇ. ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳ ಆನ್‌ಲೈನ್ ಪಟ್ಟಿಗಳನ್ನು ಸರ್ಕಾರವೇ 2016ರಿಂದ 2018ರ ನಡುವೆ ಮೂರು ಸುತ್ತು ಪರಿಶೀಲಿಸಿದಾಗ ಹತ್ತಿರಹತ್ತಿರ ಅರ್ಧದಷ್ಟು ನಮೂದುಗಳಲ್ಲಿ ಒಂದಲ್ಲ ಒಂದು ತಪ್ಪಿತ್ತು. ಬಿಟ್ಟುಹೋದ ವಿಳಾಸ, ಬದಲಾದ ಫೋನ್, ಹೊಸಬರನ್ನು ಸೇರಿಸಿಕೊಳ್ಳದವರ ಹೆಸರು ಇವೆಲ್ಲ ಅದರಲ್ಲಿದ್ದವು. 2023ರಲ್ಲಿ ಸೆನೆಟ್ಟಿನ ಹಣಕಾಸು ಸಮಿತಿಯ ಸಿಬ್ಬಂದಿ ಮಾನಸಿಕ ಆರೋಗ್ಯ ಚಿಕಿತ್ಸಕರ 120 ನಮೂದುಗಳಿಗೆ ರೋಗಿಗಳಂತೆ ಫೋನ್ ಮಾಡಿ ನೋಡಿದರು. ಶೇ. 80ಕ್ಕೂ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಮೆಡಿಕೇಡ್ ಪಟ್ಟಿಗಳನ್ನು ಮೂರು ತಿಂಗಳಿಗೊಮ್ಮೆಯಾದರೂ ಸರಿಪಡಿಸಬೇಕೆಂಬ ಕೇಂದ್ರದ ನಿಯಮ 2025ರ ಜುಲೈನಿಂದ ಜಾರಿಗೆ ಬಂದಿದೆ. ನಿಯಮ ಬಂದ ಮಾತ್ರಕ್ಕೆ ಪಟ್ಟಿ ಸರಿಯಾಯಿತು ಎಂದುಕೊಳ್ಳದೆ ಫೋನ್ ಮಾಡಿ ಕೇಳುವುದು ಜಾಣತನ.

ಮೊದಲು ತಟ್ಟಬೇಕಾದ ಬಾಗಿಲು

ಪಿ.ಎ.ಗಳೂ ಇರುವ, ಸರ್ಕಾರಿ ವಿಮೆಯೂ ನಡೆಯುವ ಎರಡು ಬಗೆಯ ಕ್ಲಿನಿಕ್ಕುಗಳನ್ನು ಕಾನೂನೇ ಕಟ್ಟಿದೆ.

ಮೊದಲನೆಯದು, ಕೊಲಂಬಿಯಾ ಪಾಯಿಂಟ್‌ನ ವಂಶದ ಸಮುದಾಯ ಆರೋಗ್ಯ ಕೇಂದ್ರಗಳು. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸುಮಾರು 1400 ಸಂಸ್ಥೆಗಳು ಸಾವಿರಾರು ಜಾಗಗಳಲ್ಲಿ ಇವನ್ನು ನಡೆಸುತ್ತಿವೆ. ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಜನ ಇಲ್ಲಿಗೆ ಬರುತ್ತಾರೆ. ಮೆಡಿಕೇಡ್, ಮೆಡಿಕೇರ್ ಎರಡೂ ನಡೆಯುತ್ತವೆ. ವಿಮೆ ಇಲ್ಲದವರಿಗೆ ಆದಾಯ ನೋಡಿ ಶುಲ್ಕ ಇಳಿಸುತ್ತಾರೆ. ಇಲ್ಲಿನ ಹಣದ ಲೆಕ್ಕ ಪಿ.ಎ.ಗೆ ಅನುಕೂಲವಾಗಿದೆ: ಒಂದು ಭೇಟಿಗೆ ಇಷ್ಟು ಎಂದು ಸರ್ಕಾರ ಕೇಂದ್ರಕ್ಕೆ ಕೊಡುತ್ತದೆ, ನೋಡಿದವರು ಡಾಕ್ಟರೇ ಪಿ.ಎ.ಯೇ ಎಂಬುದರಿಂದ ಆ ಮೊತ್ತ ಬದಲಾಗುವುದಿಲ್ಲ. ಶೇ. 15ರ ನಷ್ಟವಿಲ್ಲದ ಕಡೆ ಪಿ.ಎ.ಯನ್ನು ಡಾಕ್ಟರ ಹೆಸರಿನ ಹಿಂದೆ ಮರೆಮಾಡುವ ಪ್ರಮೇಯವೂ ಇಲ್ಲ.

ಎರಡನೆಯದು 1977ರ ಕಾಯ್ದೆಯಿಂದ ಹುಟ್ಟಿದ ಗ್ರಾಮೀಣ ಆರೋಗ್ಯ ಕ್ಲಿನಿಕ್ಕು. ಮೆಡಿಕೇರ್ ಮಾನ್ಯತೆ ಇಲ್ಲದೆ ಆ ಹೆಸರೇ ಸಿಗುವುದಿಲ್ಲ. ಜೊತೆಗೆ, ಕ್ಲಿನಿಕ್ಕು ತೆರೆದಿರುವ ಹೊತ್ತಿನಲ್ಲಿ ಕನಿಷ್ಠ ಅರ್ಧ ಸಮಯ ಪಿ.ಎ. ಅಥವಾ ನರ್ಸ್ ಪ್ರಾಕ್ಟಿಷನರ್‌ನಂಥವರು ರೋಗಿಗಳನ್ನು ನೋಡಲು ಇರಲೇಬೇಕೆಂಬ ಷರತ್ತಿದೆ. ಸಣ್ಣ ಊರುಗಳಲ್ಲಿ ಕೆಲಸ ಮಾಡುವ ಕನ್ನಡಿಗರ ಮನೆಯ ಹಿರಿಯರಿಗೆ ಇದು ಸಮೀಪದ ದಾರಿ.

ಇವೆರಡೂ ಹತ್ತಿರದಲ್ಲಿ ಇಲ್ಲದಿದ್ದರೆ ದೊಡ್ಡ ಆಸ್ಪತ್ರೆಗಳ ಹೊರರೋಗಿ ಕ್ಲಿನಿಕ್ಕುಗಳನ್ನು, ವೈದ್ಯಕೀಯ ಕಾಲೇಜುಗಳ ಕ್ಲಿನಿಕ್ಕುಗಳನ್ನು ಕೇಳಬೇಕು. ಅರ್ಜೆಂಟ್ ಕೇರ್‌ಗಳಲ್ಲೂ ಪಿ.ಎ.ಗಳು ಬಹಳ. ಆದರೆ ಅಲ್ಲಿ ಜ್ವರ, ಗಾಯಕ್ಕೆ ಔಷಧ ಸಿಗುತ್ತದೆಯೇ ಹೊರತು ವರ್ಷಗಟ್ಟಲೆ ಶುಗರ್ ನೋಡಿಕೊಳ್ಳುವವರು ಸಿಗುವುದಿಲ್ಲ.

ಫೋನಿನಲ್ಲಿ ಏನು ಕೇಳಬೇಕು?

ಮೆಡಿಕೇರ್‌ನವರು ಸರ್ಕಾರದ ಮೆಡಿಕೇರ್ ವೆಬ್‌ಸೈಟಿನ ಹುಡುಕಾಟದಿಂದ, ಮೆಡಿಕೇಡ್‌ನವರು ಕಾರ್ಡಿನ ಹಿಂಬದಿಯ ಸಹಾಯವಾಣಿಯಿಂದ, ಇಬ್ಬರೂ ಕೇಂದ್ರ ಆರೋಗ್ಯ ಇಲಾಖೆಯ ಸಮುದಾಯ ಕೇಂದ್ರಗಳ ಪಟ್ಟಿಯಿಂದ ನಾಲ್ಕೈದು ಕ್ಲಿನಿಕ್ಕುಗಳನ್ನು ಗುರುತು ಮಾಡಿಕೊಂಡು ಫೋನ್ ಮಾಡಬೇಕು. ಕಾರ್ಡನ್ನು ಕೈಯಲ್ಲೇ ಇಟ್ಟುಕೊಂಡು, ಅದರ ಮೇಲಿರುವ ಯೋಜನೆಯ ಪೂರ್ತಿ ಹೆಸರು ಓದಿ ಹೇಳಬೇಕು. ಆ ಯೋಜನೆಯ ಹೊಸ ರೋಗಿಗಳನ್ನು ಈಗ ಸೇರಿಸಿಕೊಳ್ಳುತ್ತಿದ್ದಾರೆಯೇ? ಪಿ.ಎ. ಬಳಿ ಮೊದಲ ಅಪಾಯಿಂಟ್‌ಮೆಂಟ್ ಯಾವತ್ತು? ನಮ್ಮ ಪ್ರೈಮರಿ ಕೇರ್ ಹೆಸರಾಗಿ ಅವರನ್ನೇ ನಮೂದಿಸಬಹುದೇ, ಇಲ್ಲವಾದರೆ ಯಾವ ಡಾಕ್ಟರ ಹೆಸರು ಬರೆಸಬೇಕು? ರಕ್ತಪರೀಕ್ಷೆ ಕಳುಹಿಸುವ ಲ್ಯಾಬ್ ಕೂಡ ನಮ್ಮ ನೆಟ್‌ವರ್ಕ್‌ನದೇ? ಕ್ಲಿನಿಕ್ಕಿನವರು ಒಪ್ಪಿದ ಮೇಲೆ ಯೋಜನೆಯವರಿಗೂ ಒಂದು ಫೋನ್ ಮಾಡಿ, ಅದನ್ನೇ ಖಾತ್ರಿ ಮಾಡಿಕೊಂಡು, ದಿನಾಂಕ ಮತ್ತು ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಬೇಕು. ಯಾರೂ ಸಿಗದಿದ್ದರೆ ನೆಟ್‌ವರ್ಕ್‌ನಲ್ಲಿ ಒಬ್ಬರನ್ನು ಹುಡುಕಿಕೊಡಿ ಎಂದು ಯೋಜನೆಯವರನ್ನೇ ಒತ್ತಾಯಿಸಬಹುದು. ಪಿ.ಎ. ಅವರ ಲೈಸೆನ್ಸನ್ನು ರಾಜ್ಯದ ಲೈಸೆನ್ಸಿಂಗ್ ಬೋರ್ಡಿನ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು.

ಎರಡು ಸೌಲಭ್ಯಗಳನ್ನು ಕೇಳಿ ಪಡೆಯಬೇಕು. ಮೆಡಿಕೇಡ್‌ನವರಿಗೆ ಅಪಾಯಿಂಟ್‌ಮೆಂಟಿಗೆ ಹೋಗಿಬರಲು ವಾಹನದ ವ್ಯವಸ್ಥೆ ಇದೆ, ಮೊದಲೇ ಬುಕ್ ಮಾಡಬೇಕು. ಇಂಗ್ಲಿಷ್ ಸರಾಗವಾಗಿ ಬಾರದ ಹಿರಿಯರಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸುವುದು ಕೇಂದ್ರದ ಹಣ ಪಡೆಯುವ ಕ್ಲಿನಿಕ್ಕಿನ ಹೊಣೆ. ಫೋನ್ ಮೂಲಕ ಕನ್ನಡ ದುಭಾಷಿ ಬೇಕೆಂದು ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿದರೆ, ಅಮ್ಮ ತನ್ನ ತೊಂದರೆಯನ್ನು ಮಗನ ಎದುರು ಮುಜುಗರಪಡದೆ ಹೇಳಿಕೊಳ್ಳಬಹುದು.

ನಮ್ಮ ಮನೆಗಳ ಹಿರಿಯರಿಗೆ

ಮಕ್ಕಳ ಅರ್ಜಿಯ ಮೇಲೆ ಗ್ರೀನ್ ಕಾರ್ಡ್ ಪಡೆದು ಹೋದ ತಂದೆತಾಯಿಗೆ 65 ತುಂಬಿದ ಮಾತ್ರಕ್ಕೆ ಮೆಡಿಕೇರ್ ಸಿಗುವುದಿಲ್ಲ. ಅಮೆರಿಕದಲ್ಲಿ ದುಡಿದ ಲೆಕ್ಕ ಇಲ್ಲದಿದ್ದರೆ ಐದು ವರ್ಷ ಸತತವಾಗಿ ಅಲ್ಲಿ ನೆಲೆಸಿರಬೇಕು. ಆಮೇಲೂ ಕಂತು ಕಟ್ಟಬೇಕು. 2025ರಲ್ಲಿ ಡಾಕ್ಟರ್ ಭೇಟಿಗಳ ಪಾರ್ಟ್ ಬಿ ತಿಂಗಳಿಗೆ 185 ಡಾಲರ್, ಆಸ್ಪತ್ರೆಯ ಪಾರ್ಟ್ ಎ 518 ಡಾಲರ್‌ವರೆಗೆ ಇತ್ತು. ಅರ್ಹತೆ ಬಂದಾಗ ಸೇರದೆ ತಡ ಮಾಡಿದರೆ ಪಾರ್ಟ್ ಬಿ ಕಂತಿಗೆ ಪ್ರತಿ 12 ತಿಂಗಳ ವಿಳಂಬಕ್ಕೆ ಶೇ. 10ರ ದಂಡ ಸೇರುತ್ತದೆ. ಮೆಡಿಕೇಡ್‌ಗೂ 1996ರ ಕಾಯ್ದೆಯಂತೆ ಸಾಮಾನ್ಯವಾಗಿ ಐದು ವರ್ಷದ ತಡೆ ಇದೆ. ವಿಸಿಟರ್ ವೀಸಾದಲ್ಲಿ ಹೋದವರಿಗೆ ಎರಡೂ ಇಲ್ಲ, ಹೊರಡುವ ಮುನ್ನವೇ ಪ್ರವಾಸಿ ವಿಮೆ ಮಾಡಿಸಿರಬೇಕು.

ಪಿ.ಎ. ಸಿಕ್ಕ ಮೇಲೂ ಕಾನೂನಿನ ಕೆಲವು ಗೆರೆಗಳು ನೆನಪಿರಲಿ. ಸಕ್ಕರೆ ಕಾಯಿಲೆಯವರ ವಿಶೇಷ ಪಾದರಕ್ಷೆಗೆ ಮೆಡಿಕೇರ್ ಹಣ ಕೊಡಬೇಕಾದರೆ ಡಾಕ್ಟರೇ ಪ್ರಮಾಣೀಕರಿಸಬೇಕೆಂಬುದು ಕಾಯ್ದೆಯ ಮಾತು. ಬದುಕಿನ ಕೊನೆಯ ದಿನಗಳ ಆರೈಕೆಯಾದ ಹಾಸ್ಪೈಸ್ ಸೇರಲು ಬೇಕಾದ ಕೊನೆಯ ಹಂತದ ಕಾಯಿಲೆಯ ಪ್ರಮಾಣಪತ್ರವನ್ನೂ ಪಿ.ಎ. ಕೊಡುವಂತಿಲ್ಲ. ಮನೆಗೆ ನರ್ಸ್ ಬರುವ ಸೇವೆಗೆ ಬರೆದುಕೊಡುವ ಅಧಿಕಾರ ಮಾತ್ರ 2020ರಿಂದ ಇದೆ.

ಕಾರ್ಡೂ ಶಾಶ್ವತವಲ್ಲ. ಕೋವಿಡ್ ಕಾಲದ ರಕ್ಷಣೆ 2023ರಲ್ಲಿ ಮುಗಿದ ನಂತರದ ಮರುಪರಿಶೀಲನೆಯಲ್ಲಿ ಎರಡೂವರೆ ಕೋಟಿಯಷ್ಟು ಜನರ ಮೆಡಿಕೇಡ್ ರದ್ದಾಯಿತು, ಬಹುಪಾಲು ಕಾಗದಪತ್ರದ ಕಾರಣಕ್ಕೆ. 2025ರ ಜುಲೈನ ಕಾಯ್ದೆಯಂತೆ, 2010ರ ಕಾಯ್ದೆಯ ವಿಸ್ತರಣೆಯ ಅಡಿಯಲ್ಲಿ ಮೆಡಿಕೇಡ್ ಪಡೆದ, ವಿನಾಯಿತಿ ಇಲ್ಲದ ವಯಸ್ಕರು 2027ರ ಆರಂಭದೊಳಗೆ ತಿಂಗಳಿಗೆ 80 ಗಂಟೆಯ ದುಡಿಮೆ ಅಥವಾ ಅದಕ್ಕೆ ಸಮನಾದ ಚಟುವಟಿಕೆಯನ್ನು ತೋರಿಸಬೇಕಾಗುತ್ತದೆ. ಅವರ ಅರ್ಹತೆಯ ಪರಿಶೀಲನೆ ಆರು ತಿಂಗಳಿಗೊಮ್ಮೆ ನಡೆಯಲಿದೆ. ಅಂಚೆಯಲ್ಲಿ ಬರುವ ನೋಟಿಸನ್ನು ಒಡೆಯದೆ ಬದಿಗಿಟ್ಟರೆ, ಕಷ್ಟಪಟ್ಟು ಹುಡುಕಿದ ಪಿ.ಎ. ಕೈತಪ್ಪುತ್ತಾರೆ.

ಒಟ್ಟಿನಲ್ಲಿ ಪಿ.ಎ.ಗಳ ಕೊರತೆಗಿಂತ ಹಣ ಕೊಡುವ ಕ್ರಮ ಈ ಹುಡುಕಾಟವನ್ನು ಹೆಚ್ಚು ಕಷ್ಟ ಮಾಡಿದೆ. ಡಾಕ್ಟರು ನೋಡಿದರೂ ಪಿ.ಎ. ನೋಡಿದರೂ ಭೇಟಿಗೆ ಒಂದೇ ದರ ಸಿಗುವ ಕಡೆ ಅವರು ಕಣ್ಣಿಗೆ ಕಾಣುತ್ತಾರೆ, ಕಾರ್ಡೂ ನಡೆಯುತ್ತದೆ. ಆ ಕ್ರಮವನ್ನು ಉಳಿದ ಕ್ಲಿನಿಕ್ಕುಗಳಿಗೂ ವಿಸ್ತರಿಸುವುದು ಸರ್ಕಾರಗಳ ಕೆಲಸ. ಅಲ್ಲಿಯವರೆಗೆ ಕಾರ್ಡು ಹಿಡಿದವರು ಮೊದಲ ಫೋನನ್ನು ತಮ್ಮ ಊರಿನ ಸಮುದಾಯ ಆರೋಗ್ಯ ಕೇಂದ್ರಕ್ಕೆ ಮಾಡಲಿ.